ಬ್ಯಾಸ್ಕೆಟ್‌ಬಾಲ್‌ನ ಮೂಲ ಪದಗಳನ್ನು ತಿಳಿದುಕೊಳ್ಳುವುದು ಹೇಗೆ?

ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಹೊಸದಾಗಿ ನೋಡುವವರನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ರೆಫರಿಯ ಸೀಟಿ. ಅದು ಏಕೆ ಮೊಳಗಿತು ಎಂಬುದು ತಿಳಿದರೆ ಅರ್ಧ ಆಟ ಅರ್ಥವಾದಂತೆಯೇ. ಹಾಗಾಗಿ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಚೆಂಡು ಸಾಗುವ ದಾರಿಯನ್ನೇ ಹಿಡಿದು ಕಲಿಯುವುದು ಒಳ್ಳೆಯದು. ಇಲ್ಲಿ ಕೊಟ್ಟಿರುವುದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮಗಳು. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಕೆಲವು ಬೇರೆಯಾಗಿವೆ.

ಮೊದಲು ಅಂಕಣವನ್ನು ಗುರುತಿಸಿಕೊಳ್ಳಿ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದ ಎರಡೂ ತುದಿಗಳಲ್ಲಿ, ನೆಲದಿಂದ 3.05 ಮೀಟರ್ ಎತ್ತರದಲ್ಲಿ ರಿಂಗ್ ಇರುತ್ತದೆ. ಅದರ ಮುಂದಿನ ಆಯತಾಕಾರದ ಜಾಗವೇ ‘ಪೇಂಟ್’. ದಾಳಿ ನಡೆಸುವ ತಂಡದ ಆಟಗಾರರು ಅಲ್ಲಿ ಸತತವಾಗಿ 3 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ದೂರದ ಕಮಾನಿನಂಥ ಗೆರೆಯ ಆಚೆಯಿಂದ ಹಾಕಿದ ಬ್ಯಾಸ್ಕೆಟ್‌ಗೆ 3 ಅಂಕ, ಒಳಗಿನಿಂದ ಹಾಕಿದ್ದಕ್ಕೆ 2 ಅಂಕ, ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ, ಯಾರೂ ಅಡ್ಡಿಪಡಿಸದ ಎಸೆತವಾದ ಫ್ರೀ ಥ್ರೋಗೆ 1 ಅಂಕ.

ಎರಡನೆಯದಾಗಿ ಆಟಗಾರರ ಕಾಲುಗಳನ್ನು ಗಮನಿಸಿ. ಆರಂಭಿಕರು ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ಒಂದೇ ಕೈಯಿಂದ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದು ಡ್ರಿಬಲ್. ಒಮ್ಮೆ ಚೆಂಡನ್ನು ಹಿಡಿದು ನಿಲ್ಲಿಸಿದ ಮೇಲೆ ಮತ್ತೆ ಪುಟಿಸಿದರೆ ಅದು ‘ಡಬಲ್ ಡ್ರಿಬಲ್’ ಎಂಬ ನಿಯಮಭಂಗ. ನಿಂತಲ್ಲೇ ಚೆಂಡನ್ನು ಪಡೆದ ಆಟಗಾರ ಒಂದು ಕಾಲನ್ನು ಎತ್ತಿದ ಕ್ಷಣದಲ್ಲೇ ಇನ್ನೊಂದು ಕಾಲು ‘ಪಿವಟ್’ ಆಗುತ್ತದೆ. ಅದನ್ನು ಅಲ್ಲೇ ಊರಿಕೊಂಡು ಮತ್ತೊಂದು ಕಾಲನ್ನು ಯಾವ ದಿಕ್ಕಿಗೆ, ಎಷ್ಟು ಸಲ ಬೇಕಾದರೂ ಇಡಬಹುದು. ಡ್ರಿಬಲ್ ಆರಂಭಿಸುವುದಾದರೆ ಪಿವಟ್ ಕಾಲು ಏಳುವ ಮೊದಲೇ ಚೆಂಡು ಕೈಬಿಟ್ಟಿರಬೇಕು. ಪಾಸ್ ಅಥವಾ ಶಾಟ್ ಆದರೆ ಕಾಲನ್ನು ಎತ್ತಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವುದರೊಳಗೆ ಚೆಂಡನ್ನು ಬಿಡಬೇಕು. ಇದು ತಪ್ಪಿದರೆ ‘ಟ್ರಾವೆಲಿಂಗ್’, ಚೆಂಡು ಎದುರಾಳಿಯ ಪಾಲು.

ಇನ್ನು ಗಡಿಯಾರದತ್ತ ನೋಡಿ. ಚೆಂಡು ವಶವಾದ ತಂಡ 8 ಸೆಕೆಂಡಿನೊಳಗೆ ಅಂಕಣದ ಮಧ್ಯಗೆರೆಯನ್ನು ದಾಟಬೇಕು, 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ಓಡುತ್ತಾ ಬಂದು ರಿಂಗ್‌ನ ಹತ್ತಿರದಿಂದ ಹಾಕುವುದು ಲೇ-ಅಪ್, ನೆಗೆದು ಗಾಳಿಯಲ್ಲಿ ಹೊಡೆಯುವುದು ಜಂಪ್ ಶಾಟ್. ಬ್ಯಾಸ್ಕೆಟ್‌ಗೆ ನೇರವಾಗಿ ಕಾರಣವಾದ ಪಾಸ್‌ಗೆ ‘ಅಸಿಸ್ಟ್’ ಎನ್ನುತ್ತಾರೆ. ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿದರೆ ‘ರೀಬೌಂಡ್’. ರಿಂಗ್‌ಗೆ ತಗುಲಿ ಬಂದದ್ದನ್ನು ದಾಳಿಯ ತಂಡವೇ ಹಿಡಿದರೆ ಅದಕ್ಕೆ ಮತ್ತೆ 14 ಸೆಕೆಂಡ್ ಸಿಗುತ್ತದೆ. ಕಡೆಗಣಿಸಲ್ಪಡುವ ಈ ಕೌಶಲವೇ ಎಷ್ಟೋ ಪಂದ್ಯಗಳ ದಿಕ್ಕನ್ನು ಬದಲಿಸುತ್ತದೆ.

ಕೊನೆಗೆ ಫೌಲ್. ಟ್ರಾವೆಲಿಂಗ್‌ನಂಥ ನಿಯಮಭಂಗಕ್ಕೆ ಚೆಂಡು ಮಾತ್ರ ಕೈತಪ್ಪುತ್ತದೆ. ಎದುರಾಳಿಯನ್ನು ತಳ್ಳುವುದು, ಹಿಡಿಯುವುದು, ಕೈಗೆ ಹೊಡೆಯುವುದು ಫೌಲ್ ಆಗಿ ಆಟಗಾರರ ಲೆಕ್ಕಕ್ಕೆ ಸೇರುತ್ತದೆ. ಐದನೆಯ ಫೌಲ್‌ಗೆ ಆ ಆಟಗಾರರು ಪಂದ್ಯದಿಂದ ಹೊರಹೋಗಬೇಕು. 10 ನಿಮಿಷಗಳ ಒಂದು ಕ್ವಾರ್ಟರ್‌ನಲ್ಲಿ (ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದು) ತಂಡದ ಫೌಲ್‌ಗಳು ನಾಲ್ಕಾದ ಮೇಲೆ, ರಕ್ಷಣೆಯಲ್ಲಿರುವಾಗ ಅದು ಮಾಡುವ ಪ್ರತಿ ಫೌಲ್‌ಗೂ, ಎದುರಾಳಿ ಶಾಟ್ ಹೊಡೆಯುತ್ತಿರದಿದ್ದರೂ, 2 ಫ್ರೀ ಥ್ರೋಗಳು ದೊರೆಯುತ್ತವೆ. ಕ್ವಾರ್ಟರ್‌ನ ಕೊನೆಯ ನಿಮಿಷಗಳಲ್ಲಿ ರಕ್ಷಣಾ ಆಟಗಾರರು ಕೈಗಳನ್ನು ಹಿಂದಕ್ಕೆಳೆದುಕೊಂಡು ಎಚ್ಚರಿಕೆಯಿಂದ ಆಡುವುದು ಅನೇಕ ಬಾರಿ ಇದೇ ಕಾರಣಕ್ಕೆ.