ಜೀನಿನ ರಿಪೀಟ್ ಅಳೆಯೋದು ಹೇಗೆ? ಒಂದೇ ಬ್ಯಾಂಡ್ ಕಂಡರೆ ನಂಬಬೇಡಿ

ಕಾರವಾರದ ಪೇಟೆಯಲ್ಲಿ ಅಬ್ಬಲಿಗೆ ದಂಡೆ ಕೊಳ್ಳುವಾಗ ಯಾರೂ ಹೂವು ಎಣಿಸುವುದಿಲ್ಲ, ಮೊಳ ಹಾಕುತ್ತಾರೆ, ಅಲ್ವಾ? ಜೀನಿನಲ್ಲಿ ಒಂದರ ಹಿಂದೊಂದು ಮತ್ತೆ ಮತ್ತೆ ಬರುವ ಡಿಎನ್‌ಎ ತುಂಡಿಗೆ ರಿಪೀಟ್ ಅನ್ನುತ್ತೇವೆ, ಅದರ ಲೆಕ್ಕವೂ ಬಹುಪಾಲು ಹಾಗೇ. ಆ ಸಾಲನ್ನು ಪಿಸಿಆರ್‌ನಲ್ಲಿ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಬೆಳೆಸಿ, ಉದ್ದ ಅಳೆದು, ಎಷ್ಟು ರಿಪೀಟ್ ಇದೆ ಅಂತ ಲೆಕ್ಕ ಹಾಕುತ್ತೇವೆ. ಹಾಗಾಗಿ ಮೊದಲು ನೋಡಬೇಕಾದ್ದು, ಎಷ್ಟು ಬೇಸ್ (ಡಿಎನ್‌ಎಯ ಒಂದೊಂದು ಅಕ್ಷರ) ವ್ಯತ್ಯಾಸ ಕಾಣಬೇಕು ಅನ್ನೋದು.

ಡಿಆರ್‌ಡಿ4 ಜೀನ್ ತೆಗೆದುಕೊಳ್ಳಿ. 48 ಬೇಸಿನ ತುಂಡು 2ರಿಂದ 11 ಸಲ ಬರುತ್ತದೆ. ನಾನು ಬಳಸುವ ಪ್ರೈಮರಿಗೆ (ಬೆಳೆಸಬೇಕಾದ ತುಂಡಿನ ತುದಿ ಗುರುತಿಸುವ ಪುಟ್ಟ ಡಿಎನ್‌ಎ) 4 ರಿಪೀಟ್ ಅಂದರೆ 475 ಬೇಸ್, 7 ಅಂದರೆ 619. ಇಷ್ಟು ಅಂತರಕ್ಕೆ 2% ಅಗರೋಸ್ ಜೆಲ್ ಸಾಕು. ಕರೆಂಟ್ ಕೊಟ್ಟರೆ ಜೆಲ್ ಒಳಗೆ ಚಿಕ್ಕ ತುಂಡು ಮುಂದೆ ಓಡುತ್ತದೆ, ಉದ್ದದ್ದು ಹಿಂದೆ ಉಳಿಯುತ್ತದೆ, ಒಂದೊಂದು ಉದ್ದಕ್ಕೂ ಒಂದೊಂದು ಗೆರೆ, ಅದೇ ಬ್ಯಾಂಡ್. ಎಂಎಒಎ ಜೀನಿನಲ್ಲಿ 3 ಮತ್ತು 4 ರಿಪೀಟಿನ ನಡುವೆ 30 ಬೇಸ್ ಮಾತ್ರ, ಅಲ್ಲಿ 3% ಜೆಲ್ ಹಾಕಿ, ಕಡಿಮೆ ವೋಲ್ಟೇಜಿನಲ್ಲಿ ನಿಧಾನಕ್ಕೆ ಓಡಿಸಿ. ರಿಪೀಟ್ ಗೊತ್ತಿರುವ ಸ್ಯಾಂಪಲ್ ಒಂದನ್ನು ಪಕ್ಕದಲ್ಲೇ ಹಾಕಿ, ಬರೀ ಲ್ಯಾಡರ್ (ಉದ್ದ ಗೊತ್ತಿರುವ ತುಂಡುಗಳ ಅಳತೆಪಟ್ಟಿ) ನೋಡಿ ಹೇಳಬೇಡಿ. (ನಮ್ಮ ಕಡೆ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಪಿಸಿಆರ್ ಶುರು ಮಾಡಲೇಬೇಡಿ.)

ನಾನು ಎಡವಿದ್ದು ಬೇರೆ ಕಡೆ. ಒಂದು ಸ್ಯಾಂಪಲ್‌ನಲ್ಲಿ 475ರ ಬ್ಯಾಂಡ್ ದಪ್ಪಗೆ, ಚೆಂದಗೆ ಬಂತು. 4/4, ಅಂದರೆ ತಂದೆ, ತಾಯಿ ಇಬ್ಬರಿಂದ ಬಂದ ಪ್ರತಿಯಲ್ಲೂ 4 ರಿಪೀಟ್, ಅಂತ ಬರೆದುಬಿಟ್ಟೆ. ಫೋಟೊ ದೊಡ್ಡದು ಮಾಡಿದಾಗ ಮೇಲೆ ಹೊಗೆಯಂಥ ಗೆರೆ ಕಂಡಿತು. ಮತ್ತೆ 5% ಡಿಎಂಎಸ್‌ಒ (ಡಿಎನ್‌ಎಯ ಬಿಗಿ ಸಡಿಲಿಸುವ ದ್ರವ) ಸೇರಿಸಿ ಮಾಡಿದರೆ 619ರ ಬ್ಯಾಂಡ್ ಎದ್ದು ಬಂತು, 4/7! ಚಿಕ್ಕ ತುಂಡು ಬೇಗ ಬೆಳೆಯುತ್ತದೆ, ಜಿ ಮತ್ತು ಸಿ ಜಾಸ್ತಿ ಇರುವ ಉದ್ದದ ತುಂಡು ಹಿಂದೆ ಬೀಳುತ್ತದೆ. ಅದಕ್ಕೇ ಈಗ ಒಂಟಿ ಬ್ಯಾಂಡ್ ಬಂದದ್ದನ್ನೆಲ್ಲ ಇನ್ನೊಮ್ಮೆ ಮಾಡುತ್ತೇನೆ. ಒಟ್ಟು ಸ್ಯಾಂಪಲ್‌ಗಳಲ್ಲಿ ಹಾರ್ಡಿ-ವೈನ್‌ಬರ್ಗ್ ಲೆಕ್ಕಕ್ಕಿಂತ (ಜನರಲ್ಲಿ ಯಾವ ಜೋಡಿ ಎಷ್ಟಿರಬೇಕು ಅನ್ನುವ ಅಂದಾಜು) ಒಂಟಿ ಬ್ಯಾಂಡಿನವರು ಜಾಸ್ತಿ ಇದ್ದರೆ ಮೊದಲು ಪಿಸಿಆರ್ ಮೇಲೇ ಅನುಮಾನ ಪಡಿ.

ಹಂಟಿಂಗ್ಟನ್ ಅನ್ನುವ ಆನುವಂಶಿಕ ಮೆದುಳಿನ ಕಾಯಿಲೆಯ ಸಿಎಜಿ ರಿಪೀಟಿಗೆ ಜೆಲ್ ಆಗದು. 36ರಿಂದ 39 ಇದ್ದರೆ ಕಾಯಿಲೆ ಬರಬಹುದು, ಬರದೆಯೂ ಇರಬಹುದು, 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕವೇ ಬೇರೆ. 39ಕ್ಕೂ 40ಕ್ಕೂ ಇರೋದು ಮೂರೇ ಬೇಸ್! ಇಲ್ಲಿ ಬಣ್ಣದ ಪ್ರೈಮರ್ ಹಾಕಿ ಕ್ಯಾಪಿಲರಿ ಮೆಷಿನ್‌ನಲ್ಲಿ (ಕೂದಲಿನಂಥ ನಳಿಗೆಯಲ್ಲಿ ಉದ್ದ ಅಳೆಯುವ ಯಂತ್ರ) ಓಡಿಸಬೇಕು. ಆದರೆ ಇಂಥ ತುಂಡು ಅಳತೆಗಿಂತ ಬೇಗ ಓಡಿ ಚಿಕ್ಕದಾಗಿ ತೋರುತ್ತದೆ, ರಿಪೀಟ್ ಗೊತ್ತಿರುವ ಕಂಟ್ರೋಲ್ ಇಟ್ಟು ಸರಿಪಡಿಸಿಕೊಳ್ಳಿ.

ಫ್ರಾಜೈಲ್ ಎಕ್ಸ್ ಕಾಯಿಲೆಯ ಎಫ್‌ಎಂಆರ್1 ಜೀನ್ ಇನ್ನೂ ಕಷ್ಟ. 200 ದಾಟಿದ ಸಿಜಿಜಿ ಅಂದರೆ 600 ಬೇಸಿಗಿಂತ ಜಾಸ್ತಿ ಬರೀ ಸಿ ಮತ್ತು ಜಿ, ಮಾಮೂಲಿ ಪಿಸಿಆರ್ ಕೈ ಎತ್ತುತ್ತದೆ. ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್ (ಒಂದು ಪ್ರೈಮರ್ ರಿಪೀಟಿನ ಒಳಗೇ ಕೂರುತ್ತದೆ) ಮಾಡಿದರೆ ಗರಗಸದ ಹಲ್ಲಿನಂಥ ಬಾಲ ಕಾಣುತ್ತದೆ, ಉದ್ದದ್ದು ಇದೆ ಅಂತ ಗೊತ್ತಾಗುತ್ತದೆ, ಆದರೆ ನಿಖರ ಉದ್ದ ಸಿಗಲ್ಲ. ಅದಕ್ಕೆ ಸದರ್ನ್ ಬ್ಲಾಟ್ (ಡಿಎನ್‌ಎ ಕತ್ತರಿಸಿ, ಜೆಲ್‌ನಲ್ಲಿ ಓಡಿಸಿ, ಪೊರೆಗೆ ಇಳಿಸಿ ಹುಡುಕುವುದು) ಇದೆ. ಡಿಎನ್‌ಎ ಜಾಸ್ತಿ ಬೇಕು, ದಿನಗಟ್ಟಲೆ ಕೆಲಸ, ಆದರೂ ಮಿಥೈಲೇಷನ್ (ಜೀನನ್ನು ಮುಚ್ಚಿಡುವ ರಾಸಾಯನಿಕ ಗುರುತು) ಕೂಡ ತೋರಿಸುತ್ತದೆ. ಹೂವು ಒಂದೊಂದಾಗಿ ಎಣಿಸಲೇಬೇಕು ಅಂದರೆ ಲಾಂಗ್ ರೀಡ್ ಸೀಕ್ವೆನ್ಸಿಂಗ್, ಉದ್ದದ ತುಂಡನ್ನು ಅಕ್ಷರ ಅಕ್ಷರವಾಗಿ ಓದುವುದು. ಸಿಜಿಜಿ ಸಾಲಿನ ನಡುವೆ ಅಲ್ಲಲ್ಲಿ ಎಜಿಜಿ ಇದ್ದರೆ ಅದೂ ಸಿಗುತ್ತದೆ. ದಂಡೆಯ ನಡುವೆ ಕಟ್ಟಿದ ಹಸಿರೆಲೆ ಇದ್ದ ಹಾಗೆ, ಬರೀ ಮೊಳ ಹಾಕಿದರೆ ಗೊತ್ತಾಗುವುದೇ ಇಲ್ಲ.