ಕಿವಿಯಿಂದ ಓದುವವರಿಗೊಂದು ಕನ್ನಡ ಪುಸ್ತಕ

ಚಿಕ್ಕಮಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಲೈಬ್ರೇರಿಯನ್. ಕೆಲವು ವರ್ಷಗಳ ಹಿಂದೆ ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಬಿ.ಎ.ಗೆ ಸೇರಿದಳು. ಹುಟ್ಟಿನಿಂದಲೇ ಕಣ್ಣು ಕಾಣದವಳು. ಪಿಯುಸಿವರೆಗೆ ತಂಗಿ ಪಾಠ ಓದಿ ಹೇಳುತ್ತಿದ್ದಳಂತೆ. "ಮೇಡಂ, ಹಾಸ್ಟೆಲ್‌ನಲ್ಲಿ ದಿನಾ ಯಾರನ್ನ ಕೇಳಲಿ? ನಾನೇ ಓದ್ಕೊಳ್ಳೋ ಥರ ಏನಾದ್ರೂ ಇದೆಯಾ?" ಎಂದಳು. ನಮ್ಮ ಕಪಾಟುಗಳಲ್ಲಿ ಸಾವಿರಾರು ಪುಸ್ತಕ. ಅವಳ ಕೈಗೆ ಕೊಡಲು ಒಂದೂ ಇರಲಿಲ್ಲ.

ಮೊದಲು ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದು. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ಯಂತ್ರದಂತಿದ್ದರೂ ವಾರದೊಳಗೆ ಅವಳಿಗೆ ರೂಢಿಯಾಯಿತು.

ಇಂಗ್ಲಿಷ್ ಪುಸ್ತಕಗಳಿಗೆ ಜಾಸ್ತಿ ಕಷ್ಟವಾಗಲಿಲ್ಲ. ಅಂಗವಿಕಲತೆಯ ಪ್ರಮಾಣಪತ್ರ ಕೊಟ್ಟು ಸುಗಮ್ಯ ಪುಸ್ತಕಾಲಯಕ್ಕೆ ಅವಳನ್ನು ಸೇರಿಸಿದೆವು. 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಇದು. ಅಲ್ಲಿ ಸಿಗದ ಅರ್ಥಶಾಸ್ತ್ರದ ಪುಸ್ತಕವೊಂದು ಅಮೆರಿಕದ ಬುಕ್‌ಶೇರ್ ಎಂಬ ಇಂಥದೇ ಆನ್‌ಲೈನ್ ಗ್ರಂಥಾಲಯದಲ್ಲಿ ಸಿಕ್ಕಿತು. ಯಾರೋ ಯಾವ ದೇಶದಲ್ಲೋ ಕೂತು ಸಿದ್ಧ ಮಾಡಿದ ಕಡತ ನಮ್ಮೂರಿನ ಹುಡುಗಿಯ ಕಿವಿಗೆ ತಲುಪಿತು.

ಹೀಗೆ ತರಿಸಿಕೊಳ್ಳಲು ದಾರಿ ಮಾಡಿದ್ದು ಮರ್ರಾಕೇಶ್ ಒಪ್ಪಂದ ಎಂಬ ಅಂತಾರಾಷ್ಟ್ರೀಯ ಒಪ್ಪಂದ. 2013ರ ಜೂನ್‌ನಲ್ಲಿ ಮೊರಾಕೊದಲ್ಲಿ ಆದದ್ದು. ಅದಕ್ಕೂ ಮುಂಚೆ, ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಒಂದು ದೇಶದ ಕಾನೂನು ಬಿಟ್ಟರೂ ಆ ಪ್ರತಿ ಗಡಿ ದಾಟುವುದು ಕಷ್ಟವಿತ್ತು. ಒಂದೇ ಪುಸ್ತಕವನ್ನು ಪ್ರತಿ ದೇಶವೂ ಮೊದಲಿಂದ ಸ್ಕ್ಯಾನ್ ಮಾಡಬೇಕಿತ್ತು. ಎಷ್ಟು ದಂಡದ ಕೆಲಸ, ಅಲ್ವಾ? 2014ರಲ್ಲಿ ಈ ಒಪ್ಪಂದವನ್ನು ಮೊಟ್ಟಮೊದಲು ಅನುಮೋದಿಸಿದ್ದು ಭಾರತ. 2016ರ ಸೆಪ್ಟೆಂಬರ್ 30ಕ್ಕೆ ಜಾರಿಗೆ ಬಂತು. ಅಮೆರಿಕ ಸೇರಿದ್ದು 2019ರಲ್ಲಿ. ನಮ್ಮ ದೇಶವೇ ಮೊದಲು ಎಂದು ಓದಿದ ದಿನ ನನಗೆ ನಿಜವಾಗಿ ಹೆಮ್ಮೆಯಾಯಿತು.

ಆದರೆ ಅವಳ ಕನ್ನಡ ಪಠ್ಯ ಅಮೆರಿಕದಲ್ಲಿ ಎಲ್ಲಿಂದ ಬರಬೇಕು? ಅದನ್ನು ನಾವೇ ಮಾಡಬೇಕು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿದೆ.

ಆ ಪಠ್ಯದ ಪ್ರಕಾಶಕರು ನಾವು ಕೇಳಿದ ಕೂಡಲೇ ಪಿಡಿಎಫ್ ಕಳಿಸಿದರು. ತೆರೆದರೆ ಎನ್‌ವಿಡಿಎ ಏನೇನೋ ಬಡಬಡಿಸಿತು. 'ನುಡಿ' ಎಂಬ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ಗೆ ಬದಲಿಸಿ ನೋಡಿದೆ. ಪಿಡಿಎಫ್‌ನಿಂದ ಎತ್ತಿಕೊಂಡ ಅಕ್ಷರಗಳು ಹಿಂದುಮುಂದಾಗಿದ್ದವು. ಕೊನೆಗೆ ಮುದ್ರಿತ ಪುಸ್ತಕವನ್ನೇ ಪುಟಪುಟವಾಗಿ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟೆ.

ಅಲ್ಲಿಂದ ಮುಂದೆ ತಿದ್ದುವ ಕೆಲಸ. ಅರ್ಕಾವತ್ತನ್ನು ಅದು ಕನ್ನಡದ ಒಂಬತ್ತು ಎಂದು ತಿಳಿಯುತ್ತಿತ್ತು. 'ಸೂರ್ಯ' ಎಂದಿದ್ದ ಕಡೆ 'ಸೂಯ ಒಂಬತ್ತು' ಎಂದು ಕೇಳುತ್ತಿತ್ತು. ಸೊನ್ನೆ ಮತ್ತು ಅನುಸ್ವಾರ ಅದಲುಬದಲು. ಪಕಾರ ವಕಾರ ಅದಲುಬದಲು. ಒತ್ತಕ್ಷರ ಎಷ್ಟೋ ಕಡೆ ಮಾಯ. ನಾನು ಮುದ್ರಿತ ಪುಟ ನೋಡುತ್ತಾ ತಿದ್ದುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ನನ್ನ ಕಣ್ಣು ತಪ್ಪಿಸಿಕೊಂಡದ್ದನ್ನು ಅವಳ ಕಿವಿ ಹಿಡಿಯುತ್ತಿತ್ತು. ಮಳೆಗಾಲ, ಕರೆಂಟ್ ಹೋಗಿಬಂದು ಮಾಡುತ್ತಿತ್ತು. ದಿನಕ್ಕೆ ಹತ್ತು ಪುಟ ಆದರೆ ದೊಡ್ಡದು. ಅಧ್ಯಾಯಕ್ಕೆಲ್ಲ ಶೀರ್ಷಿಕೆಯ ಗುರುತು ಹಾಕಿದ್ದು ತುಂಬಾ ಉಪಯೋಗಕ್ಕೆ ಬಂತು. ಇಲ್ಲದಿದ್ದರೆ ನಾಲ್ಕನೇ ಪಾಠ ಬೇಕೆಂದರೂ ಸುಮ್ನೆ ಮೊದಲಿಂದ ಕೇಳುತ್ತಾ ಬರಬೇಕು.

ಸೆಮಿಸ್ಟರ್ ಮುಗಿಯುವ ಮೂರು ವಾರ ಮುಂಚೆ ಪುಸ್ತಕ ಸಿದ್ಧವಾಯಿತು. ತಡವೇ. ತರಗತಿಯ ಉಳಿದವರಿಗೆ ಮೊದಲ ದಿನವೇ ಸಿಕ್ಕಿದ್ದು ಅವಳಿಗೆ ಅಷ್ಟು ಹೊತ್ತಿಗೆ ಸಿಕ್ಕಿತು. ಈಗ ಪ್ರವೇಶ ಮುಗಿದ ವಾರವೇ ಅಂಥ ಮಕ್ಕಳು ಇದ್ದಾರಾ ಎಂದು ಕೇಳಿ ಕೆಲಸ ಶುರು ಮಾಡುತ್ತೇನೆ.

ಮರುವರ್ಷ ಹಾಸನದ ಕಾಲೇಜೊಂದರ ಲೈಬ್ರೇರಿಯನ್ ಅದೇ ಕಡತ ಕೇಳಿ ಪಡೆದರು. ಅವರಲ್ಲೂ ಕಣ್ಣು ಕಾಣದ ಹುಡುಗನೊಬ್ಬ ಅದೇ ಪಾಠ ಓದುತ್ತಿದ್ದ. ಹದಿನೈದು ದಿನಕ್ಕೆ ಆ ಹುಡುಗನೇ ಫೋನ್ ಮಾಡಿದ. "ಮೇಡಂ, ಆರನೇ ಪಾಠದಲ್ಲಿ ಎರಡು ಪುಟ ಬಿಟ್ಟುಹೋಗಿವೆ." ಹೌದು, ಸ್ಕ್ಯಾನ್ ಮಾಡುವಾಗ ಎರಡು ಹಾಳೆ ಒಟ್ಟಿಗೆ ಮಗುಚಿದ್ದವು. ಅವತ್ತೇ ಸಂಜೆ ಆ ಪುಟಗಳನ್ನು ಸೇರಿಸಿ ಇಬ್ಬರಿಗೂ ಕಳಿಸಿದೆ.