ನಳ ಬಂದಾಗ ನೀರು, ಸಿಗ್ನಲ್ ಬಂದಾಗ ಬೋಯಿಂಕ್

ಕಲಬುರಗಿಯ ನಮ್ಮ ಓಣಿಯಲ್ಲಿ ನಳ ಬರುವುದು ಮೂರ್ನಾಲ್ಕು ದಿನಕ್ಕೊಮ್ಮೆ. ಬಂದ ದಿನ ಕೊಡ, ಬಕೆಟ್, ಬ್ಯಾರಲ್ ಎಲ್ಲಾ ತುಂಬಿಸಿಟ್ಟರೆ ಮುಗೀತು, ಆಮೇಲೆ ನಳದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೆಟ್ಟ ನೆಟ್ ಮೇಲೆ ಬೋಯಿಂಕ್ ಓಡಿಸುವುದೂ ಹೀಗೇ. ಇದು ತಲೆಗೆ ಹೋಗದೆ ನಾನು ಮನೆ ಫೋನಿನ ಲೈನ್ ಮೇಲೇ ನೆಟ್ ಓಡುತ್ತಿದ್ದ ಡಯಲ್-ಅಪ್ ಕಾಲದಲ್ಲಿ ಬಹಳ ಒದ್ದಾಡಿದ್ದೇನೆ.

ಗೊತ್ತಿಲ್ಲದವರಿಗೆ: ಬೋಯಿಂಕ್ ಅಂದರೆ ನಿಮ್ಮ ಕಂಪ್ಯೂಟರ್ ಸುಮ್ನೆ ಕೂತಿರುವಾಗ ಅದರಿಂದ ವಿಜ್ಞಾನಿಗಳ ಲೆಕ್ಕ ಮಾಡಿಸಿಕೊಡುವ ಉಚಿತ ಸಾಫ್ಟ್‌ವೇರ್. ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲು, 1999ರ ಮೇ ತಿಂಗಳಲ್ಲಿ, ಅಲ್ಲಿಂದಲೇ ಸೆಟಿ ಅಟ್ ಹೋಮ್ ಶುರುವಾಗಿತ್ತು. ಆಕಾಶದಿಂದ ಬರುವ ರೇಡಿಯೋ ಸದ್ದಿನಲ್ಲಿ ಬೇರೆ ಲೋಕದವರ ಸುಳಿವು ಹುಡುಕುವ ಕೆಲಸ. ಮುಂದೆ ಅದೂ ಬೋಯಿಂಕ್ ಮೇಲೇ ಓಡಿತು; ಇಂಥ ಒಂದೊಂದು ಕೆಲಸಕ್ಕೂ ಬೋಯಿಂಕ್ ಭಾಷೆಯಲ್ಲಿ ಪ್ರಾಜೆಕ್ಟ್ ಅನ್ನುತ್ತಾರೆ. 2020ರ ಮಾರ್ಚ್ ಕೊನೆಗೆ ಅದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು.

ಸೆಟಿಯ ಒಂದು ತುಂಡು ಕೆಲಸ ಸುಮಾರು 350 ಕೆಬಿ ಇರುತ್ತಿತ್ತು. 56ಕೆ ಮೋಡೆಮ್ ಒಳ್ಳೆಯ ದಿನ ಸೆಕೆಂಡಿಗೆ ನಾಲ್ಕೈದು ಕೆಬಿ ಎಳೆಯುತ್ತಿತ್ತು. ಅಂದರೆ ಹೆಚ್ಚು ಕಡಿಮೆ ಒಂದೂವರೆ ನಿಮಿಷ ಲೈನ್ ಸಿಕ್ಕರೆ ಸಾಕು, ಆಮೇಲೆ ಕಂಪ್ಯೂಟರ್ ಗಂಟೆಗಟ್ಟಲೆ ತನ್ನ ಪಾಡಿಗೆ ಲೆಕ್ಕ ಮಾಡುತ್ತಿತ್ತು. ಆದರೆ ಆ ಒಂದೂವರೆ ನಿಮಿಷದಲ್ಲೇ ಒಳಗಿನ ಕೋಣೆಯಲ್ಲಿದ್ದ ಇನ್ನೊಂದು ಫೋನನ್ನು ಅವ್ವ ಎತ್ತುತ್ತಿದ್ದಳು. "ಯಾರೋ ಕಿರ್ ಕಿರ್ ಅಂತಾರ ನೋಡೋ" ಅನ್ನುತ್ತಿದ್ದಳು. "ಅವ್ವಾ, ನೆಟ್ ಚಾಲೂ ಅದ, ಇಡಬೇ" ಅನ್ನುವಷ್ಟರಲ್ಲಿ ಲೈನ್ ಕಟ್.

ಈಗ ಡಯಲ್-ಅಪ್ ಯಾರ ಮನೆಯಲ್ಲಿದೆ, ಅಲ್ವಾ? ಆದರೆ ಆಳಂದ ಕಡೆಯ ನಮ್ಮೂರಲ್ಲಿ ಅಣ್ಣನ ಮಗ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಬೋಯಿಂಕ್ ಓಡಿಸುತ್ತಾನೆ, ಅವನ ಪಾಡು ಥೇಟ್ ನನ್ನ ಹಳೇ ಪಾಡು. ಹೋದ ಸಲ ಊರಿಗೆ ಹೋದಾಗ, "ಕಾಕಾ, ನೆಟ್ ಇದ್ರೂ ಇದು ಹೋಗವಲ್ದು" ಅಂದ. ನೋಡಿದರೆ ಬೆಳಗಿನಿಂದ ಅಪ್‌ಡೇಟ್ ಬಟನ್ ಒತ್ತುತ್ತಾ ಕೂತಿದ್ದಾನೆ.

ಮೊದಲು ಆ ಬಟನ್ ಬಿಡಿ. ಅಡ್ವಾನ್ಸ್ಡ್ ವ್ಯೂಗೆ ಹೋಗಿ, ಕಂಟ್ರೋಲ್, ಶಿಫ್ಟ್, ಇ ಮೂರನ್ನೂ ಒಟ್ಟಿಗೆ ಒತ್ತಿ, ಬೋಯಿಂಕ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಇವೆಂಟ್ ಲಾಗ್ ತೆಗೆಯಿರಿ. ಸರ್ವರ್, ಅಂದರೆ ಕೆಲಸ ಹಂಚುವ ಪ್ರಾಜೆಕ್ಟಿನವರ ಕಂಪ್ಯೂಟರ್, ಸಿಗದಿದ್ದಾಗ ಬೋಯಿಂಕ್ ತಾನೇ ಗೂಗಲ್ ಬಾಗಿಲು ತಟ್ಟಿ ನೋಡುತ್ತದೆ. ಅದು ತೆರೆದರೆ "ಇಂಟರ್ನೆಟ್ ಆಕ್ಸೆಸ್ ಓಕೆ" ಎಂದು ಬರೆದು, ಪ್ರಾಜೆಕ್ಟಿನ ಸರ್ವರ್ ಸದ್ಯಕ್ಕೆ ಬಂದ್ ಇರಬಹುದು ಅನ್ನುತ್ತದೆ. ಆಗ ನೀವು ಮಾಡುವಂಥದ್ದೇನೂ ಇಲ್ಲ, ಚಹಾ ಕುಡಿಯಿರಿ. ಗೂಗಲ್ ಕೂಡ ಸಿಗದಿದ್ದರೆ "ಕಾಂಟ್ ಆಕ್ಸೆಸ್ ಇಂಟರ್ನೆಟ್" ಅಂತ ಬರುತ್ತದೆ, ಆಗ ತೊಂದರೆ ನಿಮ್ಮ ಕಡೆಯದು. ಈ ಎರಡು ಸಾಲು ಓದದೆ ಸೆಟ್ಟಿಂಗ್ ಕೆದಕುವವರೇ ಜಾಸ್ತಿ.

ಮುಂದಿನದು ಟ್ರಾನ್ಸ್‌ಫರ್ಸ್ ಟ್ಯಾಬ್. ಬರುವ, ಹೋಗುವ ಫೈಲುಗಳ ಪಟ್ಟಿ ಇದರಲ್ಲಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನ ಹೇಳುತ್ತೇನೆ. ಲೈನ್ ಕಟ್ ಆಗಿ ಫೈಲ್ ಹೋಗದಿದ್ದರೆ ಬೋಯಿಂಕ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತದೆ, ಆಗಲೂ ಹೋಗದಿದ್ದರೆ ಇನ್ನೂ ಜಾಸ್ತಿ ಹೊತ್ತು ಬಿಡುತ್ತದೆ. ನಿಮಿಷಗಳಿದ್ದದ್ದು ಬೆಳೆದು ಗಂಟೆಗಳಾಗುತ್ತದೆ. ಲಕ್ಷಾಂತರ ಕಂಪ್ಯೂಟರ್ ಒಮ್ಮೆಲೇ ಸರ್ವರ್ ಮೇಲೆ ಮುಗಿಬೀಳಬಾರದು ಅಂತ ಹೀಗೆ ಮಾಡಿದ್ದಾರೆ, ತಪ್ಪಲ್ಲ. ಆದರೆ ನಿಮ್ಮ ಸಿಗ್ನಲ್ ಬರುವುದೇ ಹತ್ತು ನಿಮಿಷ ಅಂದರೆ, ಅದು ಬಂದು ಹೋಗುವಾಗ ಬೋಯಿಂಕ್ ನಿದ್ದೆಯಲ್ಲಿರುತ್ತದೆ. ಆದ್ದರಿಂದ ನೆಟ್ ಬಂದ ಕೂಡಲೇ ಟೂಲ್ಸ್ ಮೆನುವಿನಲ್ಲಿ "ರಿಟ್ರೈ ಪೆಂಡಿಂಗ್ ಟ್ರಾನ್ಸ್‌ಫರ್ಸ್" ಒತ್ತಿ. ಅರ್ಧಕ್ಕೆ ನಿಂತ ಫೈಲ್ ನಿಂತಲ್ಲಿಂದಲೇ ಮುಂದೆ ಹೋಗುತ್ತದೆ, ಮೊದಲಿನಿಂದ ಅಲ್ಲ. ಹಾಗಾಗಿ ಅದನ್ನು ಕ್ಯಾನ್ಸಲ್ ಮಾಡಲು ಹೋಗಬೇಡಿ.

ಟ್ರಾನ್ಸ್‌ಫರ್ಸ್ ಟ್ಯಾಬ್ ಖಾಲಿಯಾದ ಮೇಲೆ, ಆಗ ಮಾತ್ರ, ಪ್ರಾಜೆಕ್ಟ್ ಆರಿಸಿ ಅಪ್‌ಡೇಟ್ ಒತ್ತಿ. ಯಾಕೆಂದರೆ ಫೈಲ್ ಕಳಿಸುವುದು ಬೇರೆ, "ಕೆಲಸ ಮುಗೀತು" ಎಂದು ವರದಿ ಒಪ್ಪಿಸುವುದು ಬೇರೆ. ಫೈಲ್ ಪೂರ್ತಿ ಹೋದ ಮೇಲೆಯೇ ಆ ಕೆಲಸ "ರೆಡಿ ಟು ರಿಪೋರ್ಟ್" ಆಗುವುದು, ಅಪ್‌ಡೇಟ್ ಬಟನ್ ಬೇಕಾಗುವುದು ಅದಕ್ಕೆ. ನಮ್ಮ ಹುಡುಗನ ಫೈಲುಗಳು ಇನ್ನೂ ಹೊಸ್ತಿಲಲ್ಲೇ ಇದ್ದವು, ಇವನು ಒತ್ತಿದ್ದೇ ಒತ್ತಿದ್ದು.

ಇನ್ನು ಬ್ಯಾರಲ್ ತುಂಬಿಸುವ ಮಾತು. ಆಪ್ಷನ್ಸ್, ಅದರಲ್ಲಿ ಕಂಪ್ಯೂಟಿಂಗ್ ಪ್ರಿಫರೆನ್ಸಸ್, ಅದರಲ್ಲಿ "ಸ್ಟೋರ್ ಅಟ್ ಲೀಸ್ಟ್" ಅಂತ ಒಂದು ಸಾಲಿದೆ. ಎಷ್ಟು ದಿನದ ಕೆಲಸ ಮನೆಯಲ್ಲಿರಬೇಕು ಅಂತ ಇಲ್ಲಿ ಹೇಳಬೇಕು. ನೆಟ್ ಎರಡು ದಿನಕ್ಕೊಮ್ಮೆ ಸಿಕ್ಕರೆ 2 ಹಾಕಿ, ಕೆಳಗಿನ "ಅಡಿಷನಲ್" ಸಾಲಿಗೆ 0.5, ಅಂದರೆ ಮೇಲೆ ಇನ್ನರ್ಧ ದಿನದ್ದು. ಹತ್ತು ದಿನದವರೆಗೂ ಹಾಕಬಹುದು, ಆದರೆ ಆಸೆಬುರುಕರಾಗಬೇಡಿ. ಪ್ರತಿ ಕೆಲಸಕ್ಕೂ ಗಡುವು ಇರುತ್ತದೆ, ಕರೆಂಟ್ ಹೋಗಿ ಲೆಕ್ಕ ನಿಂತರೆ ತಂದಿಟ್ಟದ್ದೆಲ್ಲ ತಡವಾಗುತ್ತದೆ.

ಯಾವ ಪ್ರಾಜೆಕ್ಟ್ ಅನ್ನುವುದನ್ನೂ ನೋಡಿಕೊಳ್ಳಿ. ಹವಾಮಾನದ ಲೆಕ್ಕ ಹಾಕುವ ಕ್ಲೈಮೇಟ್ ಪ್ರೆಡಿಕ್ಷನ್‌ನ ಫೈಲುಗಳು ಬಲು ಭಾರ, ಹಾಟ್‌ಸ್ಪಾಟಿಗೆ ತಕ್ಕದ್ದಲ್ಲ. ಐನ್‌ಸ್ಟೈನ್ ಅಟ್ ಹೋಮ್ ಗುರುತ್ವ ಅಲೆಗಳನ್ನು ಹುಡುಕುವಾಗ, ನಿಮ್ಮ ಹತ್ತಿರ ಈಗಾಗಲೇ ಇರುವ ಫೈಲುಗಳ ಮೇಲೆಯೇ ಆದಷ್ಟು ಹೊಸ ಕೆಲಸ ಕೊಡಲು ನೋಡುತ್ತದೆ. ನನಗೆ ಈ ಜಾಣತನ ಇಷ್ಟ.

ಸಿಗ್ನಲ್ ತೆಳುವಾಗಿದ್ದರೆ ಒಂದು ಸಲಕ್ಕೆ ಒಂದೇ ಫೈಲ್ ಹೋಗಲಿ. ಸುಮ್ಮನೆ ಬಿಟ್ಟರೆ ಬೋಯಿಂಕ್ ಒಂದೊಂದು ಪ್ರಾಜೆಕ್ಟಿಗೆ ಎರಡೆರಡು ಫೈಲ್, ಒಟ್ಟು ಎಂಟರವರೆಗೆ ಒಟ್ಟಿಗೆ ಸಾಗಿಸುತ್ತದೆ. ಇದನ್ನು ಬೋಯಿಂಕ್ ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲಿನಲ್ಲಿ 1ಕ್ಕೆ ಇಳಿಸಬಹುದು. ಆ ಫೈಲ್ ಮುಟ್ಟಲು ಹೆದರಿಕೆಯಾದರೆ ಬಿಡಿ, ಬೇರೆ ಪ್ರಾಜೆಕ್ಟುಗಳನ್ನು ಸಸ್ಪೆಂಡ್ ಮಾಡಿ ಒಂದನ್ನೇ ಓಡಿಸಿದರೂ ಹೊರೆ ಇಳಿಯುತ್ತದೆ. ದಿನದ ಡೇಟಾ ಪ್ಯಾಕ್ ಬೇಗ ಮುಗಿಯುತ್ತಿದ್ದರೆ ಆಕ್ಟಿವಿಟಿ ಮೆನುವಿನಲ್ಲಿ ನೆಟ್‌ವರ್ಕನ್ನು ಸಸ್ಪೆಂಡ್ ಮಾಡಿಟ್ಟು, ಮಲಗುವ ಮುಂಚೆ ಒಮ್ಮೆ ಚಾಲೂ ಮಾಡಿ. ಲೆಕ್ಕ ನಡೆಯುತ್ತಲೇ ಇರುತ್ತದೆ, ನೆಟ್ ಮಾತ್ರ ಬಂದ್.

ಹಾಟ್‌ಸ್ಪಾಟ್ ತಾನಾಗೇ ಆರಿಹೋಗುತ್ತಿದ್ದರೆ ಫೋನಿನ ಸೆಟ್ಟಿಂಗಿನಲ್ಲಿ ಆ ಟೈಮರ್ ತೆಗೆದುಹಾಕಿ. ಹುಡುಗ ಈಗ ಸಂಜೆ ಫೋನನ್ನು ರೊಟ್ಟಿ ಬುಟ್ಟಿಯಲ್ಲಿಟ್ಟು ಮಾಳಿಗೆ ಮೇಲೆ ಇಟ್ಟು ಬರುತ್ತಾನೆ, ಲ್ಯಾಪ್‌ಟಾಪ್ ಕೆಳಗೆ ಪಡಸಾಲೆಯಲ್ಲಿ. ಅಲ್ಲಿ ಎರಡು ಕಡ್ಡಿ ಸಿಗ್ನಲ್ ಜಾಸ್ತಿ. ಹಗಲು ಇಡಬೇಡಿ ಮತ್ತೆ, ನಮ್ಮ ಕಡೆಯ ಬಿಸಿಲಿಗೆ ಫೋನ್ ಸುಡುತ್ತದೆ.

ವಾರಗಟ್ಟಲೆ ಊರು ಬಿಡುವುದಿದ್ದರೆ ಎರಡು ದಿನ ಮುಂಚೆಯೇ "ನೋ ನ್ಯೂ ಟಾಸ್ಕ್ಸ್" ಒತ್ತಿ, ಇದ್ದದ್ದು ಮುಗಿದು ವರದಿಯಾದ ಮೇಲೆ ಆಫ್ ಮಾಡಿ. ಮುಗಿಯುವುದೇ ಇಲ್ಲ ಅನ್ನಿಸಿದ ಕೆಲಸವನ್ನು ಅಬಾರ್ಟ್ ಮಾಡಿ, ಅಂದರೆ ಅರ್ಧಕ್ಕೇ ಕೈಬಿಟ್ಟು, ಅಪ್‌ಡೇಟ್ ಒತ್ತಿಬಿಡಿ. ಗಡುವು ಮುಗಿಯುವ ತನಕ ಕಾಯದೆ ಸರ್ವರ್ ಅದನ್ನು ಬೇರೆಯವರಿಗೆ ಕೊಡುತ್ತದೆ.